ಹುತ್ತಕ್ಕೆ ಹಾಲು, ವಿಷಕ್ಕೆ ಮದ್ದು

ನಾಗರ ಪಂಚಮಿ ಬಂದಿತೆಂದರೆ ಬಳಗಾನೂರಿನ ಹೆಣ್ಣುಮಕ್ಕಳು ಹುತ್ತಕ್ಕೆ ಹಾಲೆರೆಯುತ್ತಾರೆ. ಮನೆಯಲ್ಲಿ ಉಂಡಿ ಕಟ್ಟುತ್ತಾರೆ. ಇದರಿಂದ ಯಾರಿಗೂ ಕೇಡಿಲ್ಲ. ಇದು ಭಕ್ತಿ. ಆದರೆ ನೆಲ್ಲಿನ ಗದ್ದೆಯಲ್ಲಿ ಸಸಿ ಹಚ್ಚುವ ಕೂಲಿಯವಳಿಗೆ ಹಾವು ಕಚ್ಚಿದಾಗ, ಆಸ್ಪತ್ರೆ ಬಿಟ್ಟು ಮಂತ್ರ ಹಾಕುವವನ ಬಳಿಗೆ ಅವಳನ್ನು ಒಯ್ಯುವುದು ಮೂಢನಂಬಿಕೆ.

ಭಕ್ತಿ ಮನುಷ್ಯನಿಗೂ ಅವನ ದೇವರಿಗೂ ಸೇರಿದ್ದು. ಮೂಢನಂಬಿಕೆಯಲ್ಲಿ ನಡುವೆ ಒಬ್ಬ ದಲಾಲಿ ಇರುತ್ತಾನೆ. ನಮ್ಮ ಭಯವೇ ಅವನ ಬಂಡವಾಳ. ಎಷ್ಟೋ ಹಾವುಗಳಿಗೆ ವಿಷವೇ ಇಲ್ಲ. ಅಂಥ ಹಾವು ಕಚ್ಚಿದವನು ತಾನಾಗಿ ಬದುಕುತ್ತಾನೆ, ಹೆಸರು ಮಂತ್ರಕ್ಕೆ ಬರುತ್ತದೆ. ನಾಗರ, ಕೊಳಕುಮಂಡಲ ಕಚ್ಚಿ ಸತ್ತರೆ ಹಣೆಬರಹದ ಮೇಲೆ ಹೊರಿಸುತ್ತಾರೆ.

ನೆರೆಯ ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಅದು ಬೆಳಕಿಗೆ ಬಂತು. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದಕ್ಕುತ್ತದೆ ಎಂಬುದು ಅದರ ಅಭಿಪ್ರಾಯ. ಅದೇ ಅರಸನು ತನ್ನ ಒಂಬತ್ತನೆಯ ಬಂಡೆಶಾಸನದಲ್ಲಿ, ರೋಗ ಬಂದಾಗ, ಪ್ರಯಾಣಕ್ಕೆ ಹೊರಟಾಗ ಜನರು ಮಾಡುವ ಪೊಳ್ಳು ಆಚರಣೆಗಳಿಂದ ಫಲ ಅಲ್ಪವೆಂದೂ, ದಾಸರನ್ನೂ ಆಳುಗಳನ್ನೂ ಸರಿಯಾಗಿ ನಡೆಸಿಕೊಳ್ಳುವುದೇ ನಿಜವಾದ ಮಂಗಳಕಾರ್ಯವೆಂದೂ ಸಾರಿದನು. ಆಳಿನ ಕೂಲಿ ತಡೆದು ದೇವರಿಗೆ ಕಾಯಿ ಒಡೆಸುವ ಧಣಿಗಳು ಇದನ್ನು ಗಮನಿಸಬೇಕು.

2017ರ ಕರ್ನಾಟಕದ ವಾಮಾಚಾರ ತಡೆ ಕಾಯಿದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಹಾವು, ಚೇಳು, ನಾಯಿ ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ತಂತ್ರ ನಡೆಸುವುದು ಅದರಂತೆ ಅಪರಾಧ. ಶಿಕ್ಷೆ 1ರಿಂದ 7 ವರ್ಷ. ಪೂಜೆ, ಯಾತ್ರೆ, ಭಜನೆ, ಹರಿಕಥೆಗಳನ್ನು ಆ ಕಾಯಿದೆ ಮುಟ್ಟಿಲ್ಲ. ಇದು ಸರಿಯಾದ ಗೆರೆ.

ಆದರೆ ಬಡವನನ್ನು ಮೂಢನೆಂದು ಹಳಿದರೆ ಸಾಲದು. ನಡುರಾತ್ರಿ ಆಸ್ಪತ್ರೆಯ ಬಾಗಿಲು ಮುಚ್ಚಿದ್ದರೆ ಮಂತ್ರವಾದಿಯ ಬಾಗಿಲು ತೆರೆದೇ ಇರುತ್ತದೆ. 2024ರಲ್ಲಿ ಸರಕಾರವು ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ವರದಿ ಮಾಡಬೇಕೆಂದು ವಿಧಿಸಿತು. ಲೆಕ್ಕದ ಜೊತೆಗೆ ಮದ್ದೂ ಬೇಕು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಗಲಿರುಳೂ ವಿಷನಿರೋಧಕ ಚುಚ್ಚುಮದ್ದು ಮತ್ತು ವೈದ್ಯರು ಇರಲೇಬೇಕೆಂದು ನಾವು ಒತ್ತಾಯಿಸುತ್ತೇವೆ.

ಗಿರಣಿಯ ಕಾರ್ಮಿಕ ಬಂಧುಗಳೂ ಪೇಟೆಯ ವ್ಯಾಪಾರಿಗಳೂ ಈ ಒತ್ತಾಯಕ್ಕೆ ದನಿಗೂಡಿಸಬೇಕು. ಅಲ್ಲಿಯವರೆಗೆ ಯಾರಿಗಾದರೂ ಹಾವು ಕಚ್ಚಿದರೆ ಗಾಯ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕೂಡಲೇ ಗಾಡಿ ಹುಡುಕಿ ಆಸ್ಪತ್ರೆಗೆ ಸಾಗಿಸಿರಿ. ದೇವರಿಗೆ ಹರಕೆಯನ್ನು ಗಾಡಿಯಲ್ಲಿ ಕುಳಿತೇ ಹೊರಬಹುದು.