ಮೊದಲು ಬರೆಯೋಣ, ಆಮೇಲೆ ತಿದ್ದೋಣ

ಕಳೆದ ತಿಂಗಳು ಒಂದು ಸಂಜೆ ಪಾಳಿ ಮುಗಿಸಿಕೊಂಡು ಒಬ್ಬ ಗಿರಣಿ ಕಾರ್ಮಿಕರು ನಮ್ಮ ಕಚೇರಿಗೆ ಬಂದರು. ಇಪ್ಪತ್ತು ವರ್ಷಗಳಿಂದ ಹತ್ತಿ ಹಿಂಜುವ ವಿಭಾಗದಲ್ಲಿ ದುಡಿಯುತ್ತಿರುವವರು. ತಾವೇ ಬರೆದ ಒಂದು ಅರ್ಜಿಯನ್ನು ಜೇಬಿನಿಂದ ತೆಗೆದು ನಮ್ಮ ಮುಂದಿಟ್ಟರು. "ಕೆಲಸದ ಸ್ಥಳದಲ್ಲಿ ವಾಯುಸಂಚಾರವು ಸಮರ್ಪಕವಾಗಿಲ್ಲದ ಪ್ರಯುಕ್ತ ಆರೋಗ್ಯಕ್ಕೆ ಬಾಧಕ ಉಂಟಾಗುತ್ತಿರುವುದರಿಂದ ತಾವು ದಯಮಾಡಿ ಪರಾಂಬರಿಸಬೇಕಾಗಿ ವಿನಂತಿ" ಎಂದಿತ್ತು. ತಪ್ಪು ಒಂದೂ ಇರಲಿಲ್ಲ. ಆದರೆ ಆ ಮನುಷ್ಯರೂ ಅದರಲ್ಲಿ ಇರಲಿಲ್ಲ.

"ನಿಮಗೆ ಏನಾಗುತ್ತದೆ, ಬಾಯಿಬಿಟ್ಟು ಹೇಳಿ" ಎಂದೆವು.

"ಐತಾರ ಸೂಟಿ ಇದ್ದಾಗ ಪರವಾಗಿಲ್ರಿ ಮೇಷ್ಟ್ರೆ. ಸೋಮವಾರ ಒಳಗೆ ಕಾಲಿಟ್ರೆ ಎದಿ ಮ್ಯಾಲೆ ಕಲ್ಲು ಹೇರಿದಂಗೆ ಆಗ್ತೈತಿ. ರಾತ್ರಿ ನನ್ನ ಕೆಮ್ಮಿಗೆ ಕೂಸು ಎದ್ದು ಕುಂದರ್ತೈತಿ."

ಇದನ್ನೇಕೆ ಬರೆಯಲಿಲ್ಲ ಎಂದು ಕೇಳಿದೆವು. "ಬರ್ದಿದ್ದೆ. ನಮ್ಮ ಮಾತು ದೊಡ್ಡೋರ ಮುಂದೆ ಚಂದ ಕಾಣಲ್ಲ ಅಂತ ಹೊಡೆದು ಹಾಕ್ದೆ" ಎಂದರು.

ವಾಚಕರೇ, ಹೊಡೆದು ಹಾಕಿದ ಆ ಸೋಮವಾರದಲ್ಲೇ ಅರ್ಜಿಯ ಜೀವವಿತ್ತು. ಹತ್ತಿಯ ಧೂಳಿನಿಂದ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗ ಬರುತ್ತದೆ. ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿಯುವುದೇ ವೈದ್ಯರು ಗುರುತಿಸುವ ಅದರ ಮುಖ್ಯ ಲಕ್ಷಣ. ದುಡಿಮೆಯಿಂದ ಬರುವ, ಪರಿಹಾರಕ್ಕೆ ಅರ್ಹವಾದ ರೋಗಗಳ ಸರ್ಕಾರಿ ಪಟ್ಟಿಯಲ್ಲಿ ಅದರ ಹೆಸರಿದೆ. "ಆರೋಗ್ಯಕ್ಕೆ ಬಾಧಕ" ಎಂಬುದು ಯಾವ ಪಟ್ಟಿಯಲ್ಲೂ ಇಲ್ಲ.

ಹೀಗೆ ತಮ್ಮ ಮಾತನ್ನು ತಾವೇ ಹೊಡೆದು ಹಾಕುವ ಚಾಳಿ ಎಲ್ಲಿಂದ ಬಂತು? ನಮ್ಮಂಥವರಿಂದಲೇ ಬಂತು. ಶಾಲೆಯಲ್ಲಿದ್ದಾಗ ನಾವೂ ಕೆಂಪು ಶಾಯಿ ಹಿಡಿದು ಕೂತವರು. ಹುಡುಗನೊಬ್ಬ "ನಮ್ಮವ್ವ ಬೀಡಿ ಕಟ್ತಾಳೆ" ಎಂದು ಬರೆದರೆ "ನಮ್ಮ ತಾಯಿಯವರು" ಎಂದು ತಿದ್ದಿದೆವು. ಮುಂದಿನ ವಾರ ಅವನು ಅವ್ವನ ಸುದ್ದಿಯನ್ನೇ ಎತ್ತಲಿಲ್ಲ. ಹಸುವಿನ ಮೇಲೆ ಪ್ರಬಂಧ ಬರೆದ. ನಮ್ಮ ಕೈಯ ಕೆಂಪು ಶಾಯಿ ಅವನ ತಲೆಯೊಳಕ್ಕೆ ಇಳಿದಿತ್ತು.

ಇದಕ್ಕೊಂದು ಮದ್ದಿದೆ. ಅಮೆರಿಕದ ಅಧ್ಯಾಪಕ ಪೀಟರ್ ಎಲ್ಬೋ ಒಂದು ಕಾಲಕ್ಕೆ ಬರೆಯಲಾಗದೆ ತಮ್ಮ ಉನ್ನತ ವ್ಯಾಸಂಗವನ್ನೇ ಬಿಟ್ಟಿದ್ದವರು. ಅವರು 1973ರ ತಮ್ಮ ಪುಸ್ತಕದಲ್ಲಿ ಹೇಳಿದ ಕ್ರಮ ಬಹಳ ಸರಳ. ಹತ್ತು ನಿಮಿಷ ಕೈ ನಿಲ್ಲಿಸದೆ ಬರೆಯಬೇಕು. ಹಿಂದಿರುಗಿ ನೋಡಬಾರದು, ಹೊಡೆದು ಹಾಕಬಾರದು, ಕಾಗುಣಿತಕ್ಕೆ ಹೆದರಬಾರದು. ಏನೂ ತೋಚದಿದ್ದರೆ "ಏನೂ ತೋಚುತ್ತಿಲ್ಲ" ಎಂದೇ ಬರೆಯುತ್ತ ಹೋಗಬೇಕು.

ಹಾಗಾದರೆ ತಿದ್ದುವುದೇ ಬೇಡವೆ ಎಂದು ಕೆಲವರು ಕೇಳಬಹುದು. ಖಂಡಿತ ಬೇಕು. ತಾರೀಖು, ಹೆಸರು, ಕೂಲಿಯ ಲೆಕ್ಕ ತಪ್ಪಿದರೆ ಅರ್ಜಿ ಮೂಲೆಗೆ ಬೀಳುತ್ತದೆ. ಆದರೆ ಬರೆಯುವುದೂ ತಿದ್ದುವುದೂ ಒಂದೇ ಗಳಿಗೆಯಲ್ಲಿ ಆಗುವ ಕೆಲಸಗಳಲ್ಲ. ಅಂಗಡಿಯ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಿರಾಕಿ ನಿಂತಿರುವಾಗ ಚೀಟಿಯಲ್ಲಿ ಗೀಚಿಕೊಳ್ಳುತ್ತೀರಿ. ಬಾಗಿಲು ಹಾಕಿದ ಮೇಲೆ ಖಾತೆಗೆ ಏರಿಸುತ್ತೀರಿ. ಕಚ್ಚಾ ಇಲ್ಲದೆ ಪಕ್ಕಾ ಇಲ್ಲ.

ಮನೆಮಾತು ಬರವಣಿಗೆಗೆ ಸಲ್ಲದೆಂಬ ಅಂಜಿಕೆಯೂ ಬೇಡ. ದೇವನೂರ ಮಹಾದೇವ ಅವರು ನಂಜನಗೂಡು ಸೀಮೆಯ ಜನರ ಆಡುಮಾತಿನಲ್ಲೇ 'ಕುಸುಮಬಾಲೆ' ಬರೆದರು. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು.

ಆ ಕಾರ್ಮಿಕರು ಅಂದು ನಮ್ಮ ಬೆಂಚಿನ ಮೇಲೆಯೇ ಕೂತು ಹತ್ತು ನಿಮಿಷ ಬರೆದರು. ಬಳಿಕ ಇಬ್ಬರೂ ಸೇರಿ ತಾರೀಖುಗಳನ್ನು ಸರಿಪಡಿಸಿದೆವು. ಸೋಮವಾರವೂ ಉಳಿಯಿತು, ಕೂಸೂ ಉಳಿಯಿತು. ಆ ಕಾಗದ ಹಿಡಿದೇ ಅವರು ವೈದ್ಯರಲ್ಲಿಗೆ ಹೋದರು.

ದುಡಿಯುವವನ ಬಾಯಿ ಮುಚ್ಚಿಸಲು ಬೇರೆಯವರು ಬೇಕಾದಷ್ಟು ಜನರಿದ್ದಾರೆ. ಆ ಕೆಲಸವನ್ನು ನಾವೇ ನಮ್ಮ ಕೈಯಾರೆ ಮಾಡಿಕೊಳ್ಳುವುದು ಬೇಡ. ಹೇಳಬೇಕಾದ ಕಷ್ಟವಿರುವವರು ಭಾನುವಾರ ಸಂಜೆ ಕಚೇರಿಗೆ ಬನ್ನಿ. ಕಾಗದ, ಸೀಸದ ಕಡ್ಡಿ ನಾವು ಕೊಡುತ್ತೇವೆ. ಕೆಂಪು ಶಾಯಿ ಮಾತ್ರ ಇಟ್ಟುಕೊಂಡಿಲ್ಲ.