ಓಡಿ, ಆದರೆ ಬೆಳಕು ಹರಿದ ಮೇಲೆ

ಭಾನುವಾರ ಬೆಳಿಗ್ಗೆ ಮೂಗೂರಿನ ನಮ್ಮ ಹಳೆಯ ಮನೆಯಿಂದ ಚಡ್ಡಿ ಬೂಟು ತೊಟ್ಟು ಹೊರಬಿದ್ದರೆ, ಜಗಲಿಯ ಮೇಲೆ ಕುಳಿತ ಹಿರಿಯರು ಈಗಲೂ ಒಂದೇ ಪ್ರಶ್ನೆ ಕೇಳುತ್ತಾರೆ: "ಏನ್ ಡಾಕ್ಟ್ರೇ, ಯಾರಾದ್ರೂ ಅಟ್ಟಿಸ್ಕಂಡ್ ಬಂದ್ರಾ?" ಇನ್ನೊಬ್ಬರದು ಇನ್ನೂ ಖಾರ: "ಓಡೋಕೆ ಅಷ್ಟು ಶಕ್ತಿ ಇದ್ರೆ ನಮ್ ಗದ್ದೇಲಿ ಕಳೆ ಐತೆ, ಬನ್ನಿ." ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ನಾನೂ ನಗುತ್ತೇನೆ. ವಾರವೆಲ್ಲ ಮೈಸೂರಿನಲ್ಲಿ ಕುರ್ಚಿಯ ಮೇಲೆ ಕುಳಿತು ರೋಗಿಗಳನ್ನು ನೋಡುವ ನನಗೆ, ಶನಿವಾರ ರಾತ್ರಿ ಅಣ್ಣನ ಮನೆಗೆ ಬಂದು ಭಾನುವಾರ ನಾಲೆ ಏರಿಯ ಮೇಲೆ ಒಂದಿಷ್ಟು ಓಡುವುದು ಹತ್ತು ವರ್ಷದಿಂದ ನಡೆದುಬಂದ ಅಭ್ಯಾಸ.

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಓಟದ ಬಗ್ಗೆ ಕೇಳುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ಬೆಂಗಳೂರಿನಲ್ಲಿ 2008ರಲ್ಲಿ ಹತ್ತು ಕಿಲೋಮೀಟರ್‌ಗಳ ಅಂತರರಾಷ್ಟ್ರೀಯ ಓಟ ಶುರುವಾದ ಮೇಲೆ ಈ ಗೀಳು ಮೈಸೂರಿಗೂ ಹಬ್ಬಿತು. ಈಗ ನಂಜನಗೂಡು, ತಿ.ನರಸೀಪುರದ ಹುಡುಗರೂ ಮೈಸೂರಿನ ಸ್ಪರ್ಧೆಗಳಿಗೆ ಹೆಸರು ಕೊಡುತ್ತಾರೆ. ಕೊರಳಲ್ಲಿ ಪದಕ ಹಾಕಿಕೊಂಡ ಫೋಟೋ ಮೊಬೈಲಿನಲ್ಲಿ ಊರೆಲ್ಲ ಸುತ್ತುತ್ತದೆ. ಸಂತೋಷವೇ. ಆದರೆ ಓಡುವವರು ಓದಿಕೊಂಡು ಬರುವ ಉಪದೇಶಗಳಲ್ಲಿ ಅರ್ಧ ನಮ್ಮ ಊರಿನದಲ್ಲ, ನಮ್ಮ ಮೈಗೆ ಹೊಂದುವುದೂ ಅಲ್ಲ. ನನ್ನ ತಕರಾರು ಅಲ್ಲಿದೆ.

ಮೊದಲನೆಯದಾಗಿ, ಬೆಳಗಿನ ಜಾವ ಐದಕ್ಕೆ ಎದ್ದು ಓಡಬೇಕೆಂಬ ಮಾತು. ದೊಡ್ಡ ಊರುಗಳಲ್ಲಿ ಬೀದಿ ದೀಪ ಇರುತ್ತದೆ, ಐದಾದ ಮೇಲೆ ವಾಹನದ ಹೊಗೆ ತುಂಬುತ್ತದೆ. ಅಲ್ಲಿಗೆ ಅದು ಸರಿ. ನಮ್ಮ ತಾಲ್ಲೂಕಿನಲ್ಲಿ ಏನಾಯಿತೆಂದು ನಿಮಗೆ ನೆನಪಿರಬೇಕು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ, ಮೂರು ತಿಂಗಳೊಳಗೆ, ತಿ.ನರಸೀಪುರ ತಾಲ್ಲೂಕೊಂದರಲ್ಲೇ ಚಿರತೆ ದಾಳಿಗೆ ನಾಲ್ಕು ಜೀವಗಳು ಹೋದವು. ಅವರಲ್ಲಿ ಕಾಲೇಜಿಗೆ ಹೋಗುವವರಿದ್ದರು, ಹನ್ನೊಂದು ವರ್ಷದ ಹುಡುಗನಿದ್ದ. ಸರ್ಕಾರ ಮೈಸೂರು ಜಿಲ್ಲೆಗೆಂದೇ ಚಿರತೆ ಕಾರ್ಯಪಡೆ ರಚಿಸಿತು, ಬೋನುಗಳು ಬಂದವು, ಕೆಲವು ಸೆರೆಯೂ ಆದವು. ಆದರೆ ಕಬ್ಬಿನ ಗದ್ದೆ ಇರುವಷ್ಟು ದಿನ ಚಿರತೆಗೆ ಅಡಗಲು ಜಾಗ ಇದ್ದೇ ಇರುತ್ತದೆ. ಅದರ ಸಂಚಾರ ಹೆಚ್ಚು ಕತ್ತಲಲ್ಲಿ, ಮುಸ್ಸಂಜೆ ಮತ್ತು ಮುಂಜಾವಿನ ಮಬ್ಬಿನಲ್ಲಿ. ಎರಡು ಕಡೆ ಕಬ್ಬು, ನಡುವೆ ಏರಿ, ಅದರ ಮೇಲೆ ಕಿವಿಗೆ ಹಾಡು ಸಿಕ್ಕಿಸಿಕೊಂಡು ಒಬ್ಬನೇ ಓಡುವ ಹುಡುಗ. ಇದಕ್ಕಿಂತ ಅವಿವೇಕ ಬೇರೆ ಇಲ್ಲ.

ಆದ್ದರಿಂದ ನನ್ನ ಮಾತು ಇಷ್ಟು: ನಮ್ಮ ಕಡೆಯವರು ಬೆಳಕು ಹರಿದ ಮೇಲೆ ಓಡಿ. ಮೈಸೂರು ಸೀಮೆಯಲ್ಲಿ ಸೂರ್ಯ ಹುಟ್ಟುವುದು ಬೇಸಿಗೆಯಲ್ಲಿ ಆರರ ಸುಮಾರಿಗೆ, ಚಳಿಗಾಲದ ಕೊನೆಗೆ ಆರೂ ಮುಕ್ಕಾಲಿಗೆ. ಅಷ್ಟು ಹೊತ್ತು ಕಾದರೆ ಆರೋಗ್ಯಕ್ಕೆ ಏನೂ ನಷ್ಟವಿಲ್ಲ. ಇಬ್ಬರು ಮೂವರು ಜೊತೆಗೂಡಿ, ಮಾತಾಡುತ್ತ ಓಡಿ, ಕಿವಿ ಖಾಲಿ ಇರಲಿ. ಅಕಸ್ಮಾತ್ ಎದುರಾದರೆ ಬೆನ್ನು ತೋರಿಸಿ ಓಡಬಾರದು, ಬಗ್ಗಬಾರದು. ನೆಟ್ಟಗೆ ನಿಂತು, ಕೈ ಮೇಲೆತ್ತಿ, ಜೋರಾಗಿ ಕೂಗುತ್ತ ನಿಧಾನವಾಗಿ ಹಿಂದೆ ಸರಿಯಬೇಕು. ಓಟದ ಲೇಖನದಲ್ಲಿ ಓಡಬೇಡಿ ಎಂದು ಬರೆಯಬೇಕಾಗಿ ಬಂದದ್ದು ನಮ್ಮ ತಾಲ್ಲೂಕಿನ ವಿಶೇಷ.

ಇನ್ನು ಹೃದಯದ ವಿಚಾರ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ತೀರಿಕೊಂಡಾಗ ಮನೆಮನೆಯಲ್ಲೂ ಕೇಳಿದ ಮಾತು, "ಅಷ್ಟು ಕಸರತ್ತು ಮಾಡುತ್ತಿದ್ದವರಿಗೇ ಹೀಗಾದರೆ ನಾವೇಕೆ ಮೈ ದಂಡಿಸಬೇಕು?" 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು. ಹೆದರಿಕೆ ನಿಜ. ಆದರೆ ಲೆಕ್ಕವನ್ನೂ ನೋಡಿ. ಅಮೆರಿಕದಲ್ಲಿ 2000ದಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಓಡಿದ ಸುಮಾರು 1 ಕೋಟಿ 9 ಲಕ್ಷ ಮಂದಿಯ ದಾಖಲೆ ತೆಗೆದು ನೋಡಿದರು. ಓಟದ ವೇಳೆ ಅಥವಾ ಮುಗಿದ ಒಡನೆ ಹೃದಯ ಸ್ತಂಭನವಾದದ್ದು 59 ಮಂದಿಗೆ. ಅವರಲ್ಲಿ ಬಹುಪಾಲು ಜನರ ಹೃದಯದಲ್ಲಿ ಮೊದಲೇ ದೋಷವಿತ್ತು: ಒಂದೋ ಹೃದಯದ ಮಾಂಸಖಂಡ ದಪ್ಪವಾಗಿತ್ತು, ಇಲ್ಲವೇ ರಕ್ತನಾಳ ಕಟ್ಟಿಕೊಂಡಿತ್ತು. ಓಟ ಅದನ್ನು ಹೊರಗೆ ತೋರಿಸಿತು, ಅಷ್ಟೆ.

ಇದಕ್ಕೆ ಹಳೆಯ ಉದಾಹರಣೆಯೊಂದಿದೆ. ಜಿಮ್ ಫಿಕ್ಸ್ ಎಂಬ ಅಮೆರಿಕದ ಲೇಖಕ 1977ರಲ್ಲಿ ಓಟದ ಬಗ್ಗೆ ಬರೆದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಗಿ, ಆ ದೇಶವನ್ನೇ ಬೀದಿಗಿಳಿಸಿತು. 1984ರಲ್ಲಿ, 52ರ ವಯಸ್ಸಿನಲ್ಲಿ, ಓಡುವಾಗಲೇ ಆತ ಹೃದಯಾಘಾತದಿಂದ ಸತ್ತ. ಓಟ ವಿರೋಧಿಗಳಿಗೆ ಹಬ್ಬವಾಯಿತು. ಆದರೆ ಆತನ ತಂದೆ ತೀರಿಕೊಂಡದ್ದು 43ಕ್ಕೆ, ಅದೂ ಹೃದಯದ ಕಾಯಿಲೆಯಿಂದಲೇ. ಆತ ಸ್ವತಃ 35ರವರೆಗೆ ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದಿದವನು. ಓಟ ಆತನ ಆಯಸ್ಸಿಗೆ ಒಂಬತ್ತು ವರ್ಷ ಸೇರಿಸಿತೋ, ಕಳೆಯಿತೋ ನೀವೇ ಹೇಳಿ.

ಹಾಗಾಗಿ ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಹೃದಯಾಘಾತದಿಂದ ಹೋಗಿದ್ದರೆ ಅಂಥವರು, ಓಟ ಶುರು ಮಾಡುವ ಮೊದಲು ಒಮ್ಮೆ ವೈದ್ಯರ ಬಳಿ ಹೋಗಿ. ಮಲಗಿಸಿ ತೆಗೆದ ಇ.ಸಿ.ಜಿ. ಸರಿ ಇದೆ ಎಂದ ಮಾತ್ರಕ್ಕೆ ಎಲ್ಲ ಸರಿ ಎಂದಲ್ಲ. ನಡೆಯುವಾಗ ಎದೆ ಹಿಡಿದಂತಾಗುತ್ತದೆಯೇ, ಕಣ್ಣು ಕತ್ತಲೆ ಬಂದದ್ದುಂಟೇ ಎಂಬುದನ್ನು ಮುಚ್ಚಿಡದೆ ಹೇಳಿ. ಬೇಕೆನಿಸಿದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸುತ್ತಾರೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಇಟ್ಟುಕೊಂಡೇ ಹೊರಡಬೇಕು, ಮನೆಗೆ ಬಂದ ಮೇಲೆ ಪಾದ ತಿರುಗಿಸಿ ನೋಡಿಕೊಳ್ಳಬೇಕು.

ಇಷ್ಟೆಲ್ಲ ಉಪದೇಶ ಮಾಡುವ ನಾನು ಮಾಡಿದ್ದೇನು? ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಅರ್ಧ ಮ್ಯಾರಥಾನ್‌ಗೆ, ಅಂದರೆ 21 ಕಿಲೋಮೀಟರ್ ಚಿಲ್ಲರೆ, ಹಣ ಕಟ್ಟಿದ್ದೆ. ನಾಲ್ಕು ತಿಂಗಳ ತಯಾರಿ. ಓಟದ ವಾರ ಮೂರು ದಿನ ಜ್ವರ, ಮೈಕೈ ನೋವು. ಶನಿವಾರ ಜ್ವರ ಬಿಟ್ಟಿತು. ಮನೆಯಾಕೆ ಬೇಡವೆಂದಳು. "ನಾನು ಡಾಕ್ಟರೋ ನೀನು ಡಾಕ್ಟರೋ" ಎಂದೆ. ಭಾನುವಾರ ಬೆಳಿಗ್ಗೆ ನೋವಿನ ಮಾತ್ರೆ ನುಂಗಿ ಎದೆಗೆ ನಂಬರು ಚುಚ್ಚಿಕೊಂಡು ನಿಂತೆ. ಹದಿನೇಳನೆಯ ಕಿಲೋಮೀಟರ್‌ವರೆಗೆ ನೆನಪಿದೆ. ಆಮೇಲೆ ನೆನಪಿರುವುದು ಆಂಬುಲೆನ್ಸಿನ ಛಾವಣಿ. ವೈರಸ್ ಹೃದಯದ ಮಾಂಸಖಂಡಕ್ಕೇ ಹಬ್ಬಿ ಉರಿಯೂತವಾಗಿತ್ತು. ಆರು ತಿಂಗಳು ಓಟ ಬಂದ್. ಮೆಟ್ಟಿಲು ಹತ್ತುವುದಕ್ಕೂ ನನ್ನ ವಿದ್ಯಾರ್ಥಿಯಂಥ ಹುಡುಗ ಡಾಕ್ಟರರ ಅಪ್ಪಣೆ ಕೇಳಬೇಕಾಯಿತು. ಊರಿನಿಂದ ನೋಡಲು ಬಂದ ಅತ್ತಿಗೆ ಬೈಯಲಿಲ್ಲ, ಕಿತ್ತಲೆ ಸುಲಿದುಕೊಡುತ್ತ ಒಂದೇ ಮಾತು ಕೇಳಿದರು: "ಆ ಪದಕ ಎಷ್ಟು ಬೆಲೆ ಬಾಳುತ್ತಪ್ಪಾ?"

ಜ್ವರ ಇದ್ದಾಗ, ಜ್ವರ ಬಿಟ್ಟ ಒಂದು ವಾರದೊಳಗೆ, ಮೈಕೈ ನೋವು ಅಥವಾ ಎದೆ ಕಫ ಇದ್ದಾಗ ಓಡಬಾರದು. ಬರೀ ಮೂಗು ಸೋರುತ್ತಿದ್ದರೆ ಹಗುರವಾಗಿ ಓಡಾಡಬಹುದು. ಓಟಕ್ಕೆ ಮುಂಚೆ ನೋವಿನ ಮಾತ್ರೆ ನುಂಗುವುದು ಸ್ಪರ್ಧೆಗಳಲ್ಲಿ ಬಹಳ ಮಂದಿಗೆ ಅಭ್ಯಾಸವಾಗಿದೆ. ಮೈಯಲ್ಲಿ ನೀರು ಕಡಿಮೆಯಾದಾಗ ಆ ಮಾತ್ರೆ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತದೆ. ಅದಕ್ಕಿಂತ ಹೆಚ್ಚಾಗಿ, ನಿಲ್ಲು ಎಂದು ಮೈ ಕೂಗುವ ಬಾಯಿಗೆ ಬಟ್ಟೆ ತುರುಕಿದಂತೆ.

ನೀರಿನ ಬಗ್ಗೆಯೂ ಒಂದು ಮಾತು. ಹೆಚ್ಚು ಕುಡಿದಷ್ಟೂ ಒಳ್ಳೆಯದು ಎಂಬುದು ತಪ್ಪು. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ ಹದಿಮೂರು ಮಂದಿಗೆ ಸೋಡಿಯಂ, ಅಂದರೆ ಉಪ್ಪಿನ ಅಂಶ, ಕಡಿಮೆಯಾಗಿತ್ತು. ಕಾರಣ, ಬೆವರಿದ್ದಕ್ಕಿಂತ ಹೆಚ್ಚು ನೀರು ಕುಡಿದದ್ದು. ಬಾಯಾರಿದಾಗ ಕುಡಿಯಿರಿ. ಮನೆಗೆ ಬಂದು ಉಪ್ಪು ಹಾಕಿದ ನೀರು ಮಜ್ಜಿಗೆ ಕುಡಿಯಿರಿ. ಬಣ್ಣದ ಬಾಟಲಿಗಳು ಒಂದು ಗಂಟೆಯೊಳಗಿನ ಓಟಕ್ಕೆ ಬೇಕಿಲ್ಲ. ಹಿಂದಿನ ರಾತ್ರಿ ಮುದ್ದೆ ಸಾರು ಉಂಡವನಿಗೆ ಶಕ್ತಿಯ ಪುಡಿಯನ್ನು ಮಾರಲು ಬರುವವರ ಧೈರ್ಯ ಮೆಚ್ಚಬೇಕು.

ಬೂಟಿನ ಬೆಲೆ ಕೇಳಿ ಹಿಂಜರಿಯುವವರಿಗೆ ಒಂದು ಹೆಸರು ಹೇಳುತ್ತೇನೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದವರು ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ. 1960ರಲ್ಲಿ ರೋಮ್‌ನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಲ್ಲೇ ಓಡಿ ಚಿನ್ನ ಗೆದ್ದರು. ಹಾಗೆಂದು ನೀವು ಬರಿಗಾಲಲ್ಲಿ ಡಾಂಬರು ರಸ್ತೆಗೆ ಇಳಿಯಬೇಡಿ. ಕಾಲಿಗೆ ಸರಿಹೊಂದುವ, ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರುವ ಸಾಧಾರಣ ಬೂಟು ಸಾಕು. ಮಂಡಿ ನೋವು, ಹಿಮ್ಮಡಿ ನೋವು ಬರುವುದು ಬಹುಮಟ್ಟಿಗೆ ಬೂಟಿನಿಂದಲ್ಲ, ಆತುರದಿಂದ. ಎದೆ, ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆ, ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳು ಬೇಕು. ದಮ್ಮು ಬಂತೆಂದು ದೂರ ಏರಿಸಿದವನ ಕಾಲು ಕೈಕೊಡುತ್ತದೆ.

ಹೊಸಬರು ಹೀಗೆ ಮಾಡಿ. ಮೊದಲು ಎರಡು ವಾರ ಬರೀ ಬಿರುಸು ನಡಿಗೆ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ, ದಿನ ಬಿಟ್ಟು ದಿನ. ಓಡುತ್ತ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತು. ಎರಡು ಮೂರು ತಿಂಗಳಲ್ಲಿ ಅರ್ಧ ಗಂಟೆ ನಿಲ್ಲದೆ ಓಡುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥದ್ದು, ಇಲ್ಲವೇ 75 ನಿಮಿಷ ಓಟದಂಥದ್ದು. ವಾರದ ದಿನ ಬಿಡುವಿಲ್ಲ ಎನ್ನುವವರಿಗೆ ಸಮಾಧಾನದ ಸುದ್ದಿಯೂ ಇದೆ. ಬ್ರಿಟನ್ನಿನ ಸುಮಾರು 90 ಸಾವಿರ ಮಂದಿಯ ಮಾಹಿತಿ ನೋಡಿ 2023ರಲ್ಲಿ ಪ್ರಕಟಿಸಿದ ವರದಿಯಂತೆ, ಅಷ್ಟೇ ವ್ಯಾಯಾಮವನ್ನು ವಾರದ ಒಂದೆರಡು ದಿನಗಳಲ್ಲೇ ಮುಗಿಸಿದವರ ಹೃದಯಕ್ಕೂ ಹೆಚ್ಚುಕಡಿಮೆ ಅಷ್ಟೇ ಲಾಭ ಕಂಡಿತು. ಭಾನುವಾರದ ಓಟಗಾರನೆಂದು ನನ್ನನ್ನು ಹಂಗಿಸುತ್ತಿದ್ದ ಗೆಳೆಯರಿಗೆ ಆ ಸುದ್ದಿಯನ್ನು ಕತ್ತರಿಸಿ ಕೊಟ್ಟಿದ್ದೇನೆ.

ಓಡಲೇಬೇಕೆಂದೂ ಇಲ್ಲ. ಮೈಸೂರಿನವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಲಿ, ನಂದಿಯ ಹತ್ತಿರ ಕುಳಿತು ಉಸಿರು ಬಿಡಲಿ. ಮಂಡಿ ನೋವಿದ್ದರೆ ಹತ್ತುವುದು ಮೆಟ್ಟಿಲಲ್ಲಿ, ಇಳಿಯುವುದು ಬಸ್ಸಿನಲ್ಲಿ. ಮಂಡಿಯನ್ನು ಹೆಚ್ಚು ಹಿಂಸಿಸುವುದು ಇಳಿಜಾರು. ಕುಟುಂಬ ಸಮೇತ ತಿ.ನರಸೀಪುರದ ಕಾವೇರಿ ಕಪಿಲಾ ಸಂಗಮಕ್ಕೋ ಸೋಮನಾಥಪುರಕ್ಕೋ ಬಂದವರು ಕಾರನ್ನು ದೇವಸ್ಥಾನದ ಬಾಗಿಲಿಗೇ ತಂದು ನಿಲ್ಲಿಸುವ ಬದಲು ಒಂದೆರಡು ಕಿಲೋಮೀಟರ್ ಹಿಂದೆಯೇ ಬಿಟ್ಟು ನಡೆಯಬಹುದು. ತಲಕಾಡಿನ ಮರಳಲ್ಲಿ ಅರ್ಧ ಗಂಟೆ ನಡೆದರೆ ಮೀನಖಂಡ ಎಲ್ಲಿದೆಯೆಂದು ಯಾರೂ ತೋರಿಸಿಕೊಡಬೇಕಿಲ್ಲ.

ಹಳ್ಳಿಯವರಿಗೇಕೆ ವ್ಯಾಯಾಮ ಎಂದು ಕೇಳುವ ಕಾಲವೂ ಮುಗಿಯಿತು. ಗದ್ದೆಗೆ ಹೋಗುವುದು ಬೈಕಿನಲ್ಲಿ, ಉಳುವುದು ಟ್ರ್ಯಾಕ್ಟರು. ನಮ್ಮದು ಕಾಲಿಗೆ ಹೆಸರಾದ ಊರು: ಭರತನಾಟ್ಯದಲ್ಲಿ ಮೂಗೂರು ಶೈಲಿಯೆಂದೇ ಒಂದಿದೆ, ಸಿನಿಮಾದ ನೃತ್ಯ ನಿರ್ದೇಶಕ ಸುಂದರ್ ಅವರ ಹೆಸರಿನ ಮುಂದೆ ಇರುವುದೂ ಇದೇ ಊರು. ಅಂಥ ಊರಲ್ಲಿ ಈಗ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರನ್ನು ನೋಡುತ್ತಿದ್ದೇನೆ.

ಒಬ್ಬ ಗೃಹಿಣಿ ಬರೆದಿದ್ದಾರೆ: "ನನಗೂ ಓಡಬೇಕೆಂಬ ಆಸೆ ಇದೆ ಡಾಕ್ಟರೇ. ಆದರೆ ರಸ್ತೆಯಲ್ಲಿ ಓಡಿದರೆ ನಿಂತು ನೋಡುತ್ತಾರೆ. ಎಲ್ಲಿ ಓಡಲಿ?" ಇದಕ್ಕೆ ನನ್ನ ಬಳಿ ಮಾತ್ರೆ ಇಲ್ಲ. ಹೆದ್ದಾರಿಯಲ್ಲಿ ಲಾರಿ, ಏರಿಯಲ್ಲಿ ಚಿರತೆಯ ಭಯ, ಬೀದಿಯಲ್ಲಿ ಕಣ್ಣುಗಳು. ಉಳಿದಿರುವುದು ಶಾಲೆಯ ಮೈದಾನ, ಅದಕ್ಕೆ ಬೀಗ. ಮೂಗೂರಿನದಷ್ಟೇ ಅಲ್ಲ, ಎಷ್ಟೋ ಊರುಗಳ ಕತೆ ಇದು. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಶಾಲಾ ಮೈದಾನದ ಗೇಟು ತೆರೆದಿಟ್ಟು, ವಾರದಲ್ಲಿ ಮೂರು ದಿನ ಹೆಂಗಸರಿಗೆಂದೇ ಬಿಟ್ಟರೆ ಪಂಚಾಯಿತಿಗೆ ತಗಲುವ ಖರ್ಚೇನು? ಗಾಜು, ಕಸ ಬೀಳುತ್ತದೆ ಎಂಬ ಮುಖ್ಯೋಪಾಧ್ಯಾಯರ ಆತಂಕ ಸುಳ್ಳಲ್ಲ. ಓಡುವವರೇ ದಿನಕ್ಕಿಬ್ಬರಂತೆ ಗುಡಿಸುವ ಪಾಳಿ ಹಾಕಿಕೊಳ್ಳಲಿ. ಬಗ್ಗಿ ಎದ್ದು ಕಸ ಹೊಡೆಯುವುದೂ ಸೊಂಟಕ್ಕೆ ಒಳ್ಳೆಯದೇ.

ನಮ್ಮೂರಿನಲ್ಲಿ ಈ ಮನವಿಗೆ ಹನ್ನೊಂದು ಸಹಿ ಆಗಿವೆ. ಹತ್ತನೆಯದು ಅತ್ತಿಗೆಯದು. ಹನ್ನೊಂದನೆಯದು ಕಳೆ ಕೀಳಲು ಕರೆದ ಆ ಹಿರಿಯರದು. ಮೊಮ್ಮಗಳು ಓಡಬೇಕಂತೆ, ಅದಕ್ಕೆ ಹಾಕಿದ್ದಂತೆ.