ಟಪಾಲು ವ್ಯಾನು ಬೇಕೇ ಬೇಕು



"ಎಲ್ಲರ ಕೈಲೂ ಫೋನಿದೆ, ಇನ್ನು ಟಪಾಲು ವ್ಯಾನು ಯಾಕೆ?" ಅಂತ ನಮ್ಮ ತರಗತಿಯಲ್ಲೇ ಕೆಲವರು ಕೇಳ್ತಾರೆ. ಬೇಕು ಅನ್ನೋದು ನನ್ನ ಅಭಿಪ್ರಾಯ. ಕಾರಣ ಹೇಳ್ತೀನಿ, ಓದಿ.

ನಮ್ಮ ಮೈಸೂರು ಸೀಮೆಯ ಅಂಚೆ ಚಿಕ್ಕದೇವರಾಜ ಒಡೆಯರ ಕಾಲದಷ್ಟು ಹಳೆಯದು. ಆಗ ಆಳುಗಳು ಚೀಲ ಹೊತ್ತು ಓಡುತ್ತಿದ್ದರು. 1889ರಲ್ಲಿ ಮೈಸೂರು ಅಂಚೆ ಬ್ರಿಟಿಷರ ಅಂಚೆಯೊಳಗೆ ಸೇರಿಹೋಯಿತು. ಅಷ್ಟೊತ್ತಿಗೆ ಬೆಂಗಳೂರಿಂದ ಮೈಸೂರಿಗೆ ರೈಲು ಬಂದಿತ್ತು. ಮದ್ದೂರು, ಮಂಡ್ಯ ಆ ದಾರಿಯಲ್ಲೇ ಇವೆ. ಮಳವಳ್ಳಿಗೆ ಇವತ್ತಿಗೂ ರೈಲಿಲ್ಲ. ಅಲ್ಲಿಗೆ ಏನು ಹೋಗಬೇಕಾದರೂ ರಸ್ತೆ ಮೇಲೇ ಹೋಗಬೇಕು.

ರೈಲಿಲ್ಲದ ಊರುಗಳ ಕಷ್ಟ ತೀರಿಸಿದ್ದು ಮೋಟಾರು. ಬ್ರಿಟನ್ನಿನ ಅಂಚೆಯವರು 1919ರಲ್ಲಿ ಸ್ವಂತ ವ್ಯಾನುಗಳನ್ನು ಇಟ್ಟುಕೊಂಡರು. ನಮ್ಮ ದೇಶದಲ್ಲಿ ಟಪಾಲು ಚೀಲಗಳು ಬಸ್ಸಿನಲ್ಲೂ ಹೋದವು. ಆಮೇಲೆ ಬೆಂಗಳೂರಿನಂಥ ದೊಡ್ಡ ಊರುಗಳಿಗೆ ಮೇಲ್ ಮೋಟಾರ್ ಸರ್ವೀಸ್ ಅಂತ ಬೇರೆ ವಿಭಾಗವೇ ಆಯಿತು. ವ್ಯಾನು ಚಿಕ್ಕದಾಗಿರೋದು ಬಡತನಕ್ಕಲ್ಲ. ಸಂತೆ ಬೀದಿಯಲ್ಲಿ ನುಗ್ಗಬೇಕು, ಅಲ್ಲಲ್ಲಿ ನಿಲ್ಲಬೇಕು. ಸುತ್ತ ಮುಚ್ಚಿ ಬೀಗ ಹಾಕಿರೋದ್ರಿಂದ ಕಾಗದ ಮಳೆಗೆ ನೆನೆಯಲ್ಲ, ಕಳ್ಳರಿಗೂ ಸಿಗಲ್ಲ.

2013ರಲ್ಲಿ ಟೆಲಿಗ್ರಾಂ ನಿಂತುಹೋಯಿತು. ಅದರ ಕೆಲಸ ಫೋನು ಮಾಡಿತು, ಸರಿ. ಆದರೆ ಫೋನಿನಲ್ಲಿ ಸುದ್ದಿ ಬರುತ್ತೆ, ಸಾಮಾನು ಬರಲ್ಲ. ಆಧಾರ್ ಕಾರ್ಡು, ಪಾಸ್‌ಪೋರ್ಟು, ಬ್ಯಾಂಕಿನ ಎಟಿಎಂ ಕಾರ್ಡು ಇವೆಲ್ಲ ಅಂಚೆಯಲ್ಲೇ ಬರೋದು. ಇವು ತಡವಾದರೆ ಪಟ್ಟಣದವರು ಆಫೀಸಿಗೇ ಹೋಗಿ ಕೇಳ್ತಾರೆ. ನಮ್ಮೂರಿನವರು ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಹೋಗಬೇಕು.

ಕಾಗದ ಕಡಿಮೆಯಾಗಿದೆ, ಖರ್ಚು ಜಾಸ್ತಿ ಅಂತಾರೆ. ಕಾಗದ ಕಡಿಮೆ ಆಗಿರೋದು ನಿಜ. ಆದರೆ 1854ರಿಂದ ನಮ್ಮ ದೇಶದಲ್ಲಿ ಕಾಗದದ ದರಕ್ಕೆ ತೂಕ ನೋಡ್ತಾರೆ, ದೂರ ನೋಡಲ್ಲ. ಪಕ್ಕದ ಮದ್ದೂರಿಗೂ ಅದೇ ಸ್ಟಾಂಪು, ಕಾಶ್ಮೀರಕ್ಕೂ ಅದೇ ಸ್ಟಾಂಪು. ಊರು ದೊಡ್ಡದೋ ಚಿಕ್ಕದೋ ಅಂತಾನೂ ಕೇಳಲ್ಲ. ಇಂಥ ಸಮಾನತೆಯನ್ನು ಬರೀ ಲಾಭದ ಲೆಕ್ಕದಲ್ಲಿ ಅಳೆಯಬಾರದು. ನಮ್ಮ ಶಾಲೆಗೆ ಎಷ್ಟು ಲಾಭ ಬಂತು ಅಂತ ಯಾರಾದ್ರೂ ಕೇಳ್ತಾರಾ? ಅಂಚೆಯೂ ಹಾಗೇ.

ನಮ್ಮ ಕಡೆಯಿಂದಲೂ ಒಂದು ಕೆಲಸ ಇದೆ. 1972ರಲ್ಲಿ ಪಿನ್‌ಕೋಡ್ ಬಂತು. ಮಂಡ್ಯ 571401, ಮದ್ದೂರು 571428, ಮಳವಳ್ಳಿ 571430. ವಿಳಾಸದ ಕೆಳಗೆ ಆರೂ ಅಂಕಿ ದುಂಡಗೆ ಬರೆಯಿರಿ. ತಪ್ಪು ಅಂಕಿ ಬರೆದರೆ ಕಾಗದ ಬೇರೆ ಊರಿನ ಚೀಲಕ್ಕೆ ಬೀಳುತ್ತೆ. ಆಮೇಲೆ ವ್ಯಾನು ಎಷ್ಟು ಬೇಗ ಓಡಿದರೂ ಉಪಯೋಗವಿಲ್ಲ.

ಇಂತಿ ನಿಮ್ಮ ಸಹಪಾಠಿ,
ಏಳನೇ ತರಗತಿ